ಒಮ್ಮೆ ಬೇಡವೆಂದರೆ ಬೇಡವೇ: ಪರದೇಶಕ್ಕೆ ಹೋಗಿಬಂದವರ ಪ್ರಶ್ನೆಗಳು

ಪರದೇಶಗಳ ನಿತ್ಯಜೀವನದಲ್ಲಿ ಕಂಡು ಬೆರಗಾದ, ಇಲ್ಲವೇ ನೊಂದ ಸಂಗತಿಗಳನ್ನು ಬರೆದು ಕಳಿಸುವಂತೆ ಕಳೆದ ಸಂಚಿಕೆಯಲ್ಲಿ ಓದುಗರನ್ನು ಕೋರಿದ್ದೆವು. ಶಿವಮೊಗ್ಗದಿಂದಲೂ ಸುತ್ತಲಿನ ಮಲೆನಾಡಿನ ಊರುಗಳಿಂದಲೂ ಬಂದ ಪತ್ರಗಳಲ್ಲಿ ಹೆಚ್ಚಿನವು ಮಕ್ಕಳ ಮನೆಗೆಂದು ವಿಮಾನ ಹತ್ತಿದ ತಂದೆತಾಯಂದಿರವು. ಅರಮನೆ, ಗೋಪುರ, ಜಲಪಾತಗಳ ವಿಚಾರ ಯಾರೂ ಕೇಳಿಲ್ಲ. ಊಟ, ಸ್ನಾನ, ಹೆಸರು, ಮಾತು ಇವುಗಳ ವಿಚಾರವನ್ನೇ ಎಲ್ಲರೂ ಕೇಳಿದ್ದಾರೆ. ನಿವೃತ್ತಿಗೆ ಮೊದಲು ಆರು ವರ್ಷ ಜರ್ಮನಿಯಲ್ಲಿದ್ದು, ಆಮೇಲೆ ಮಗಳ ಸಂಸಾರದ ಕಾರಣಕ್ಕೆ ಇಂಗ್ಲೆಂಡಿಗೆ ಹೋಗಿಬರುತ್ತಿರುವ ನನಗೆ ಈ ಪ್ರಶ್ನೆಗಳಲ್ಲಿ ಹಲವು ಸ್ವಂತದವೇ ಆಗಿವೆ.

ಪ್ರಶ್ನೆ: ಮಗನ ಮನೆಗೆಂದು ಜರ್ಮನಿಯ ಸ್ಟುಟ್‌ಗಾರ್ಟಿಗೆ ಹೋಗಿದ್ದಾಗ ಪಕ್ಕದ ಮನೆಯಾಕೆ ಒಂದು ಭಾನುವಾರ ಮಧ್ಯಾಹ್ನ ಕಾಫಿಗೆ ಕರೆದರು. ತಾವೇ ಮಾಡಿದ ಕೇಕನ್ನು ಇನ್ನೊಂದು ತುಂಡು ಹಾಕಲೇ ಎಂದು ಕೇಳಿದಾಗ ವಾಡಿಕೆಯಂತೆ ಬೇಡವೆಂದೆ. ಅವರು ಮತ್ತೆ ಕೇಳಲಿಲ್ಲ, ತಟ್ಟೆಯನ್ನು ಒಳಗೆ ಇಟ್ಟುಬಿಟ್ಟರು. ನನಗೆ ಇನ್ನೂ ಹಸಿವಿತ್ತು. ನಾನು ಹೋದದ್ದು ಅವರಿಗೆ ಇಷ್ಟವಾಗಲಿಲ್ಲವೇ?
– ಗೃಹಿಣಿ, ತೀರ್ಥಹಳ್ಳಿ

ಉತ್ತರ: ಇಷ್ಟವಿಲ್ಲದಿದ್ದರೆ ನಿಮಗಾಗಿ ಕೈಯಾರೆ ಕೇಕು ಮಾಡುತ್ತಿರಲಿಲ್ಲ. ಅವರು ನಿಮ್ಮ ಮಾತನ್ನು ನಂಬಿದರು, ನಡೆದದ್ದು ಅಷ್ಟೇ. ನಮ್ಮ ಕಡೆ ಮನೆಗೆ ಬಂದವರಿಗೆ ಮೊದಲು ಕಾಲಿಗೆ ನೀರು, ಆಮೇಲೆ ಬೆಲ್ಲ ನೀರು, ಹೊತ್ತಾಗಿದ್ದರೆ ಊಟ; ಊಟಕ್ಕೆ ಕುಳಿತವರು ಎಲೆಯ ಮೇಲೆ ಎರಡೂ ಕೈಗಳನ್ನು ಅಡ್ಡ ಹಿಡಿದರೂ ಬೆರಳಿನ ಸಂದಿಯಿಂದಲೇ ಇನ್ನೊಂದು ಸೌಟು ಬಿದ್ದಿರುತ್ತದೆ. ಇಲ್ಲಿ ಮೊದಲ ‘ಬೇಡ’ ಸಂಕೋಚದ್ದು, ಎರಡನೆಯದು ಮರ್ಯಾದೆಯದು, ಮೂರನೆಯದು ಮಾತ್ರ ಹೊಟ್ಟೆಯದು ಎಂಬುದು ಬಡಿಸುವವರಿಗೂ ಗೊತ್ತು, ಉಣ್ಣುವವರಿಗೂ ಗೊತ್ತು. ಒಂದೇ ಸಲ ಕೇಳಿ ಸುಮ್ಮನಾದ ಮನೆಯನ್ನು ನಾವು ಕೈ ಬಿಗಿಯವರ ಮನೆ ಎನ್ನುತ್ತೇವೆ.

ಜರ್ಮನಿಯಲ್ಲಿ ಮೊದಲ ‘ಬೇಡ’ವೇ ಹೊಟ್ಟೆಯದು. ಬೇಡವೆಂದವರನ್ನು ಮತ್ತೆ ಕೇಳಿದರೆ ಅವರ ಮಾತನ್ನು ನಂಬಲಿಲ್ಲವೆಂದೂ, ಬೆಳೆದವರನ್ನು ಮಗುವಿನಂತೆ ಕಂಡೆವೆಂದೂ ಆಗುತ್ತದೆಂಬುದು ಅವರ ಎಣಿಕೆ. ಇದರ ಜೊತೆಗೆ ಅಲ್ಲಿನ ಮಾತಿನಲ್ಲೇ ಒಂದು ತೊಡಕಿದೆ. ಏನನ್ನಾದರೂ ಕೊಡಲೇ ಎಂದು ಕೇಳಿದಾಗ ಬರೀ ‘ಡಾಂಕೆ’, ಅಂದರೆ ಧನ್ಯವಾದ, ಎಂದು ಉತ್ತರಿಸಿದರೆ ಸಾಮಾನ್ಯವಾಗಿ ‘ಬೇಡ, ಧನ್ಯವಾದ’ ಎಂದೇ ಅರ್ಥ. ಬೇಕಿದ್ದರೆ ‘ಬಿಟ್ಟೆ’ ಅಥವಾ ‘ಯಾ, ಗೆರ್ನೆ’ ಎನ್ನಬೇಕು. ನಾನು ಹೋದ ಹೊಸತರಲ್ಲಿ ವಿನಯದಿಂದ ಡಾಂಕೆ ಎನ್ನುತ್ತ ಎರಡು ವಾರ ಕಾಫಿಯಿಲ್ಲದೆ ಕಳೆದಿದ್ದೇನೆ, ಯಾರೂ ನನಗೆ ಕಾಫಿ ಕೊಡುತ್ತಿಲ್ಲವೆಂದು ಮನಸ್ಸಿನಲ್ಲೇ ನೊಂದುಕೊಂಡೂ ಇದ್ದೇನೆ.

ಒತ್ತಾಯದ ಉಪಚಾರ ನಮ್ಮ ನಾಡಿನಲ್ಲಿ ಮಾತ್ರ ಇದೆಯೆಂದೂ ತಿಳಿಯಬೇಕಿಲ್ಲ. ಇರಾನಿನಲ್ಲಿ ‘ತಾರೋಫ್’ ಎಂಬ ಪದ್ಧತಿಯಿದೆ. ಅತಿಥಿ ಮೊದಲು ಬೇಡವೆನ್ನುವುದು, ಮನೆಯವರು ಮತ್ತೆ ಮತ್ತೆ ಒತ್ತಾಯಿಸುವುದು, ಕೊನೆಗೆ ಅತಿಥಿ ಒಪ್ಪುವುದು ಇವೆಲ್ಲ ಅಲ್ಲಿ ಶಿಷ್ಟಾಚಾರ. ಕೆಲವು ವೇಳೆ ಅಂಗಡಿಯವನೂ ಮೊದಲು ‘ದುಡ್ಡೇನೂ ಬೇಡ’ ಎನ್ನುತ್ತಾನೆ, ಗಿರಾಕಿ ಒತ್ತಾಯ ಮಾಡಿ ಕೊಡಬೇಕು. ತೀರ್ಥಹಳ್ಳಿಯವರು ಅಲ್ಲಿಗೆ ಹೋದರೆ ಎರಡೇ ದಿನಗಳಲ್ಲಿ ಹೊಂದಿಕೊಳ್ಳುತ್ತೀರಿ.

ಮುಂದಿನ ಸಲ ಜರ್ಮನಿಗೆ ಹೋದಾಗ ಬೇಕಿದ್ದರೆ ಮೊದಲ ಸಲವೇ ಬೇಕೆನ್ನಿರಿ. ನಿಮ್ಮ ನೆರೆಯಾಕೆ ತೀರ್ಥಹಳ್ಳಿಗೆ ಬಂದಾಗ ಬಡಿಸುವ ಕೈಯನ್ನು ಸ್ವಲ್ಪ ಹಿಡಿದುಕೊಳ್ಳಬೇಕು ಎಂಬುದು ಇದಕ್ಕಿಂತ ಕಷ್ಟದ ಮಾತು. ಜರ್ಮನರಿಗೆ ತಟ್ಟೆಯಲ್ಲಿ ಬಿಡುವುದು ತಪ್ಪೆಂದು ಚಿಕ್ಕಂದಿನಿಂದ ಕಲಿಸಿರುತ್ತಾರೆ, ನಮಗೆ ಬರಿದಾದ ಎಲೆ ಕಂಡರೆ ಬಡಿಸದೆ ಇರಲಾಗುವುದಿಲ್ಲ. ನನ್ನ ಜೊತೆಗೆ ಕೆಲಸ ಮಾಡುತ್ತಿದ್ದ ಒಬ್ಬರು ಸಾಗರದ ನಮ್ಮ ಮನೆಗೆ ಬಂದಿದ್ದಾಗ ಅವರು ಎಲೆ ಖಾಲಿ ಮಾಡುತ್ತ ಹೋದರು, ನಮ್ಮ ತಾಯಿ ತುಂಬುತ್ತ ಹೋದರು. ಆ ರಾತ್ರಿ ಅವರು ನಿದ್ದೆಯಿಲ್ಲದೆ ಹೊರಳಿದರು. ಇಬ್ಬರ ಮಧ್ಯೆ ಕುಳಿತಿದ್ದ ನಾನು ಒಂದು ಮಾತು ಹೇಳಬೇಕಿತ್ತು, ಹೇಳಲಿಲ್ಲ ಎಂಬ ಕೊರಗು ನನಗೆ ಇಂದಿಗೂ ಇದೆ.

ಪ್ರಶ್ನೆ: ಬರ್ಲಿನ್ನಿನಲ್ಲಿ ಒಂದು ಸಂಜೆ, ಎರಡೂ ಕಡೆ ಒಂದೇ ಒಂದು ವಾಹನವಿಲ್ಲದಿದ್ದಾಗ, ಕೆಂಪು ದೀಪವಿದ್ದರೂ ರಸ್ತೆ ದಾಟಿದೆ. ಆಚೆ ಬದಿಯಲ್ಲಿ ಮೊಮ್ಮಗುವಿನೊಂದಿಗೆ ನಿಂತಿದ್ದ ವೃದ್ಧೆಯೊಬ್ಬರು ನನ್ನನ್ನು ಎಲ್ಲರೆದುರು ಗದರಿದರು. ಅಪರಿಚಿತರನ್ನು ಹೀಗೆ ಗದರುವುದು ಸರಿಯೇ?
– ಎಂಜಿನಿಯರಿಂಗ್ ಪದವೀಧರ, ಸಾಗರ

ಉತ್ತರ: ‘ಮಕ್ಕಳು ನೋಡುತ್ತಿದ್ದಾರೆ’ ಎಂಬುದೇ ಅವರು ಹೇಳಿದ ಮಾತಾಗಿರಬೇಕು, ಏಕೆಂದರೆ ಅಲ್ಲಿ ಈ ಸಂದರ್ಭದಲ್ಲಿ ಸಾಮಾನ್ಯವಾಗಿ ಕೇಳಿಬರುವ ಮಾತು ಅದೇ. ಕೆಂಪು ದೀಪಕ್ಕೆ ನಿಲ್ಲಬೇಕೆಂದು ಮಗುವಿಗೆ ಮನೆಯಲ್ಲಿ ಕಲಿಸಿದ್ದನ್ನು ಬೀದಿಯಲ್ಲಿ ದೊಡ್ಡವರು ಅಳಿಸಬಾರದು ಎಂಬುದು ಅದರ ಹಿಂದಿನ ಕಾಳಜಿ. ಭಾನುವಾರದ ಮೌನವೂ ಹೀಗೆಯೇ. ಅಂಗಡಿಗಳು ಬಹುತೇಕ ಮುಚ್ಚಿರುತ್ತವೆ, ಗೋಡೆಗೆ ಮೊಳೆ ಹೊಡೆಯುವಂತಿಲ್ಲ, ಖಾಲಿ ಗಾಜಿನ ಬಾಟಲಿಗಳನ್ನು ಬೀದಿಯ ತೊಟ್ಟಿಗೆ ಹಾಕಿ ಸದ್ದು ಮಾಡುವಂತಿಲ್ಲ. ಮಾಡಿದರೆ ನೆರೆಯವರು ಬಂದು ನೇರವಾಗಿ ಹೇಳುತ್ತಾರೆ. ಭಾನುವಾರದ ವಿಶ್ರಾಂತಿಗೆ ಅಲ್ಲಿನ ಸಂವಿಧಾನದಲ್ಲೇ ರಕ್ಷಣೆಯಿದೆ.

ಗದರುವುದು ಸರಿಯೇ ಎಂದು ಕೇಳಿದ್ದೀರಿ. ಮೂವತ್ತು ನಲವತ್ತು ವರ್ಷಗಳ ಹಿಂದೆ ನಮ್ಮ ಹಳ್ಳಿಗಳಲ್ಲಿ ಕೆರೆಯ ಏರಿಯ ಮೇಲೆ ಓಡುವ ಹುಡುಗನನ್ನು, ಅವನು ಯಾರ ಮನೆಯವನೇ ಆಗಿರಲಿ, ದಾರಿಹೋಕ ಹಿರಿಯರು ನಿಲ್ಲಿಸಿ ಗದರುತ್ತಿದ್ದರು. ಆ ವೃದ್ಧೆಯ ಗದರಿಕೆಯನ್ನು ಆ ಹಿರಿಯರ ಸಾಲಿಗೆ ಸೇರಿಸಿಕೊಂಡರೆ ನಿಮ್ಮ ನೋವು ಅರ್ಧವಾಗುತ್ತದೆ.

ಪ್ರಶ್ನೆ: ಮಗಳು ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿದ್ದಾಳೆ. ಮುಂದಿನ ತಿಂಗಳು ಅವಳ ಬಾಣಂತನಕ್ಕೆಂದು ದುಬೈ ಮೂಲಕ ಹೋಗುವವಳಿದ್ದೇನೆ. ಎಣ್ಣೆ ಸ್ನಾನ, ಸಾಂಬ್ರಾಣಿ ಹೊಗೆ, ಗಸಗಸೆ ಪಾಯಸ, ತುಪ್ಪ ಇವುಗಳಿಲ್ಲದ ಬಾಣಂತನ ನನಗೆ ಗೊತ್ತಿಲ್ಲ. ಅಲ್ಲಿ ಏನು ನಡೆಯುತ್ತದೆ, ಏನು ನಡೆಯುವುದಿಲ್ಲ?
– ನಿವೃತ್ತ ಶಿಕ್ಷಕಿ, ಹೊಸನಗರ

ಉತ್ತರ: ಈ ಪತ್ರ ಬಂದದ್ದು ಬಹಳ ಒಳ್ಳೆಯದಾಯಿತು, ಏಕೆಂದರೆ ಇದನ್ನು ಹೊರಡುವ ಮೊದಲೇ ಕೇಳಬೇಕು. ಪೆಟ್ಟಿಗೆಯಿಂದಲೇ ಆರಂಭಿಸುತ್ತೇನೆ. ಗಸಗಸೆಯನ್ನು ದಯವಿಟ್ಟು ಒಂದು ಚಮಚವೂ ಕೊಂಡೊಯ್ಯಬೇಡಿ. ಅದು ಅಫೀಮಿನ ಗಿಡದ ಬೀಜವಾದ್ದರಿಂದ ದುಬೈ ಸೇರಿದಂತೆ ಸಂಯುಕ್ತ ಅರಬ್ ಸಂಸ್ಥಾನದಲ್ಲಿ ಅದಕ್ಕೆ ಮಾದಕವಸ್ತುವಿನ ಕಾನೂನು ಅನ್ವಯಿಸುತ್ತದೆ, ತಿಳಿಯದೆ ತಂದವರೂ ಸೆರೆಗೆ ಬಿದ್ದಿದ್ದಾರೆ. ನಮ್ಮ ಮನೆಗಳಲ್ಲಿ ಹಬ್ಬದ ಪಾಯಸದ ವಸ್ತುವೆಂಬ ಸಮಜಾಯಿಷಿ ಅಲ್ಲಿ ನಡೆಯುವುದಿಲ್ಲ. ಊಟದ ಮೇಲೆ ಕವಳ ಹಾಕುವ ಅಭ್ಯಾಸವಿದ್ದರೆ ಆ ಎಲೆ ಅಡಿಕೆಯ ಸಂಚಿಯನ್ನೂ ಮನೆಯಲ್ಲೇ ಬಿಡಿ, ಆ ದೇಶ ವೀಳ್ಯದೆಲೆಯನ್ನು ನಿಷೇಧಿಸಿದೆ. ಅಡಿಕೆಯಿಂದಲೇ ಬದುಕುವ ನಮಗೆ ಇದು ವಿಚಿತ್ರವೆನಿಸಿದರೂ ವಿಮಾನ ಬದಲಿಸುವ ನಾಲ್ಕು ಗಂಟೆಗಾಗಿ ಅಪಾಯಕ್ಕೆ ಕೈ ಹಾಕಬಾರದು. ಇನ್ನು ತುಪ್ಪ. ನಮ್ಮ ದೇಶದಿಂದ ಬರುವ ಪ್ರಯಾಣಿಕರು ಹಾಲಿನ ಪದಾರ್ಥಗಳನ್ನು ತರಲು ಬ್ರಿಟನ್ ಬಿಡುವುದಿಲ್ಲ. ಮನೆಯಲ್ಲಿ ಕಾಸಿದ ತುಪ್ಪವೆಂದು ಹೇಳಿದರೂ ತೆಗೆದುಕೊಂಡುಬಿಡುತ್ತಾರೆ. ಮ್ಯಾಂಚೆಸ್ಟರಿನ ಅಂಗಡಿಗಳಲ್ಲಿ ತುಪ್ಪ, ಮೆಂತ್ಯ, ಒಣಶುಂಠಿ ಎಲ್ಲವೂ ಸಿಗುತ್ತವೆ.

ಮುಂದಿನದು ಬಚ್ಚಲು. ನಮ್ಮ ಬಚ್ಚಲಲ್ಲಿ ಹಂಡೆಯ ತುಂಬ ನೀರು ಕಾಯುತ್ತಿರುತ್ತದೆ, ಕಲ್ಲುಹಾಸಿನ ಮೇಲೆ ಎಷ್ಟು ಸುರಿದರೂ ನೀರು ತೆಂಗಿನ ಬುಡಕ್ಕೆ ಹೋಗುತ್ತದೆ. ಅಲ್ಲಿನ ಮನೆಗಳಲ್ಲಿ ಸ್ನಾನದ ತೊಟ್ಟಿಯ ಹೊರಗಿನ ನೆಲಕ್ಕೆ ಸಾಮಾನ್ಯವಾಗಿ ನೀರು ಹೋಗುವ ಕಿಂಡಿಯೇ ಇರುವುದಿಲ್ಲ. ನೆಲದ ಮೇಲೆ ಎರಡು ಚೊಂಬು ನೀರು ಚೆಲ್ಲಿದರೆ ಕೆಳಗಿನ ಮಾಳಿಗೆಯಲ್ಲಿ ತೊಟ್ಟಿಕ್ಕುತ್ತದೆ. ಬಾಣಂತಿಯ ಸ್ನಾನವನ್ನು ತೊಟ್ಟಿಯೊಳಗೇ ಒಂದು ಮಣೆಯಿಟ್ಟು, ಪರದೆಯ ತುದಿಯನ್ನು ತೊಟ್ಟಿಯ ಒಳಗೆ ಇಳಿಬಿಟ್ಟು ಮಾಡಿಸಬಹುದು; ಎಣ್ಣೆ ಹಚ್ಚಿದ ಮೇಲೆ ಆ ತೊಟ್ಟಿ ಬಹಳ ಜಾರುವುದರಿಂದ ಒಂದು ರಬ್ಬರು ಹಾಸು ಅಗತ್ಯ.

ಸಾಂಬ್ರಾಣಿಯ ವಿಷಯದಲ್ಲಿ ಮಾತ್ರ ನಿಮಗೆ ಸಮಾಧಾನದ ಉತ್ತರ ಕೊಡಲಾರೆ. ಪ್ರತಿ ಮನೆಯ ಛಾವಣಿಯಲ್ಲಿ ಹೊಗೆ ಕಂಡೊಡನೆ ಕೂಗಿಕೊಳ್ಳುವ ಯಂತ್ರವಿರುತ್ತದೆ. ನಮ್ಮ ಸಾಸಿವೆ ಮೆಣಸಿನ ಒಗ್ಗರಣೆಗೇ ಅದು ಕೂಗುತ್ತದೆ. ಬಹುಮಹಡಿ ಕಟ್ಟಡವಾದರೆ ಒಬ್ಬರ ಮನೆಯ ಹೊಗೆಗೆ ಎಲ್ಲ ಮನೆಗಳವರೂ ಮಳೆಯಲ್ಲಿ ಹೊರಗೆ ಬಂದು ನಿಲ್ಲಬೇಕಾಗಿ ಬರಬಹುದು. ಆ ಯಂತ್ರಕ್ಕೆ ಬಟ್ಟೆ ಕಟ್ಟುವ ಉಪಾಯವನ್ನು ಯಾರಾದರೂ ಹೇಳಿಕೊಟ್ಟರೆ ಕೇಳಬೇಡಿ, ಅದು ಪ್ರಾಣ ಉಳಿಸಲೆಂದು ಇಟ್ಟದ್ದು. ಹಸುಗೂಸಿನ ಶ್ವಾಸಕ್ಕೆ ಹೊಗೆ ಒಳ್ಳೆಯದಲ್ಲವೆಂದು ನಮ್ಮ ಶಿವಮೊಗ್ಗದ ಮಕ್ಕಳ ವೈದ್ಯರೂ ಹೇಳುತ್ತಾರೆ.

ಮಗುವನ್ನು ಮಲಗಿಸುವ ರೀತಿಯಲ್ಲಿ ನಿಮಗೂ ಮಗಳಿಗೂ ಮಾತು ಬರಬಹುದೆಂಬ ಅಂಜಿಕೆ ನನಗಿದೆ, ಏಕೆಂದರೆ ನಮ್ಮ ಮನೆಯಲ್ಲಿ ಬಂದಿತ್ತು. ಮಗುವನ್ನು ಬೆನ್ನ ಮೇಲೆಯೇ, ದಿಂಬಿಲ್ಲದೆ, ಸಡಿಲವಾದ ಹೊದಿಕೆಗಳಿಲ್ಲದೆ, ಮೊದಲ ಆರು ತಿಂಗಳು ತಾಯಿಯ ಕೋಣೆಯಲ್ಲಿ ಪ್ರತ್ಯೇಕ ತೊಟ್ಟಿಲಲ್ಲಿ ಮಲಗಿಸಬೇಕೆಂದು ಅಲ್ಲಿ ಹೇಳುತ್ತಾರೆ. ಬ್ರಿಟನ್ನಿನಲ್ಲಿ 1991ರಲ್ಲಿ ಈ ತಿಳಿವಳಿಕೆಯನ್ನು ಮನೆಮನೆಗೂ ಮುಟ್ಟಿಸಿದ ಕೆಲವೇ ವರ್ಷಗಳಲ್ಲಿ, ನಿದ್ದೆಯಲ್ಲಿ ಕಾರಣ ತಿಳಿಯದೆ ಸಾಯುವ ಶಿಶುಗಳ ಸಂಖ್ಯೆ ಅರ್ಧಕ್ಕಿಂತಲೂ ಕೆಳಗಿಳಿಯಿತು. ಆದ್ದರಿಂದ ಇದನ್ನು ‘ಅವರ ಪದ್ಧತಿ’ ಎಂದು ಬದಿಗೆ ಸರಿಸಬೇಡಿ. ಒಂದು ವರ್ಷ ತುಂಬುವವರೆಗೆ ಮಗುವಿಗೆ ಜೇನುತುಪ್ಪ ನೆಕ್ಕಿಸಬಾರದು. ಅಪರೂಪಕ್ಕೆ ಅದರಲ್ಲಿರುವ ಬ್ಯಾಕ್ಟೀರಿಯಾ ಶಿಶುವಿನ ಕರುಳಿನಲ್ಲಿ ವಿಷ ಉಂಟುಮಾಡಿ ನರಗಳನ್ನು ಸೋಲಿಸುತ್ತದೆ. ಅಂಗಡಿಯ ಕಾಡಿಗೆಯಲ್ಲಿ ಸೀಸವಿರುವುದು ಹಲವೆಡೆ ಪತ್ತೆಯಾಗಿದೆ, ಕಣ್ಣಿಗೆ ಹಚ್ಚಲೇಬಾರದು. ನಾನು ಇಲ್ಲಿ ಎರಡೂ ಕಡೆಯವರನ್ನು ಮೆಚ್ಚಿಸುವ ಮಾತು ಆಡುವುದಿಲ್ಲ, ಈ ಮೂರರಲ್ಲಿ ಮಗಳ ಮಾತೇ ನಡೆಯಲಿ.

ಉಳಿದ ಕಡೆ ನಿಮ್ಮ ಕೈಗೆ ಬೇಕಾದಷ್ಟು ಕೆಲಸವಿದೆ. ಹೆರಿಗೆಯ ಬಳಿಕ ಸೂಲಗಿತ್ತಿ ಮನೆಗೇ ಬಂದು ತಾಯಿ ಮಗುವನ್ನು ನೋಡಿಹೋಗುತ್ತಾರೆ. ಬಾಣಂತಿಯನ್ನು ಎರಡೇ ವಾರಗಳಲ್ಲಿ ಹೊರಗೆ ಓಡಾಡುವುದಕ್ಕೆ ಅವರು ಉತ್ತೇಜಿಸಿದರೆ ಗಾಬರಿಯಾಗಬೇಡಿ. ಮಗುವಿಗೆ ವಾರಕ್ಕೆ ಎರಡು ಮೂರು ಸ್ನಾನ ಸಾಕೆಂದೂ ಅವರು ಹೇಳುತ್ತಾರೆ. ಗಾಳಿ ತಾಗೀತೆಂದು ಕಿವಿಗೆ ಟೊಪ್ಪಿ ಎಳೆಯುವ ನಮಗೆ ಇದಕ್ಕಿಂತ ದೊಡ್ಡ ಅಚ್ಚರಿ ಡೆನ್ಮಾರ್ಕು, ಸ್ವೀಡನ್, ಫಿನ್‌ಲೆಂಡ್‌ಗಳಲ್ಲಿ ಕಾದಿದೆ. ಅಲ್ಲಿ ಕೂಸುಗಳನ್ನು ಬೆಚ್ಚಗೆ ಸುತ್ತಿ, ಚಳಿಗಾಲದ ಹಗಲಿನಲ್ಲೂ ಮನೆಯ ಹೊರಗೆ ತಳ್ಳುಗಾಡಿಯಲ್ಲಿ ನಿದ್ದೆ ಮಾಡಿಸುತ್ತಾರೆ. ಮಗಳ ಬೆನ್ನಿಗೆ ಬಿಸಿ ಎಣ್ಣೆ ತಿಕ್ಕಲು, ಮೆಣಸು ಜೀರಿಗೆಯ ಸಾರು ಮಾಡಿಕೊಡಲು, ನಡುರಾತ್ರಿ ಮಗುವನ್ನು ಎತ್ತಿಕೊಂಡು ಅವಳಿಗೆ ಎರಡು ಗಂಟೆ ನಿದ್ದೆ ಕೊಡಲು ಅಲ್ಲಿ ಬೇರೆ ಯಾರೂ ಇರುವುದಿಲ್ಲ. ನೀವು ಹೋಗುವುದು ಅದಕ್ಕಾಗಿ.

ಪ್ರಶ್ನೆ: ಸ್ವೀಡನ್ನಿನ ಉಪ್ಸಾಲದಲ್ಲಿ ಓದುತ್ತಿರುವ ಮಗ ತನ್ನ ಪ್ರಾಧ್ಯಾಪಕರನ್ನು ಬರೀ ಹೆಸರು ಹಿಡಿದು ಕರೆಯುತ್ತಾನೆ. ಅದನ್ನು ಫೋನಿನಲ್ಲಿ ಕೇಳಿದಾಗಲೆಲ್ಲ ನನಗೆ ಕಸಿವಿಸಿಯಾಗುತ್ತದೆ.
– ನಿವೃತ್ತ ಕಾರ್ಖಾನೆ ನೌಕರ, ಭದ್ರಾವತಿ

ಉತ್ತರ: ಕಸಿವಿಸಿ ಸಹಜ. ‘ಮೇಷ್ಟ್ರೇ’ ಎಂದು ಕರೆದು ಬೆಳೆದವರು ನಾವು. ಆದರೆ ಸ್ವೀಡಿಷರು ಈ ವಿಷಯದಲ್ಲಿ ಒಂದು ಕಾಲಕ್ಕೆ ನಮಗಿಂತ ಬಿಗಿಯಾಗಿದ್ದರು. ಎದುರಿಗಿರುವವರನ್ನು ಹುದ್ದೆಯ ಹೆಸರಿನಿಂದ, ‘ಪ್ರಾಧ್ಯಾಪಕರು ಕಾಫಿ ಕುಡಿಯುತ್ತಾರೆಯೇ’ ಎಂಬಂತೆ, ಬೇರೆ ಯಾರೋ ಎಂಬ ಹಾಗೆ ಮಾತನಾಡಿಸಬೇಕಿತ್ತು. 1960ರ ದಶಕದ ಕೊನೆಯಲ್ಲಿ ಆ ಪದ್ಧತಿ ಬಹುಬೇಗ ಬಿದ್ದುಹೋಯಿತು. 1967ರಲ್ಲಿ ಅಲ್ಲಿನ ವೈದ್ಯಕೀಯ ಮಂಡಳಿಯ ಮುಖ್ಯಸ್ಥರಾದ ಬ್ರೂರ್ ರೆಕ್ಸೆಡ್ ತಮ್ಮ ಸಿಬ್ಬಂದಿಯೆಲ್ಲರನ್ನೂ ‘ದು’, ಅಂದರೆ ನೀನು, ಎಂದೇ ಕರೆಯುವುದಾಗಿ ಸಾರಿದ್ದನ್ನು ಈ ಬದಲಾವಣೆಯ ಗುರುತಾಗಿ ನೆನೆಯುತ್ತಾರೆ. ಸ್ವೀಡಿಷ್‌ನಲ್ಲಿ ‘ನಿ’ ಎಂಬ ಬಹುವಚನವೂ ಇದೆ. ಆದರೆ ಹಿಂದೆ ಅದನ್ನು ತಮಗಿಂತ ಕೆಳಗಿನವರೆಂದು ಎಣಿಸಿದವರಿಗೆ ಬಳಸುತ್ತಿದ್ದುದರಿಂದ ಹಳಬರ ಕಿವಿಗೆ ಅದು ಇಂದಿಗೂ ಒರಟಾಗಿ ಕೇಳಿಸುತ್ತದೆ. ಆದ್ದರಿಂದ ನಿಮ್ಮ ಮಗ ಬಹುವಚನಕ್ಕೆ ತಿರುಗಿದರೆ ಆ ಪ್ರಾಧ್ಯಾಪಕರಿಗೇ ಮುಜುಗರವಾದೀತು. ಜರ್ಮನಿಗೆ ಹೋದರೆ ಮಾತ್ರ ಅವನು ಎಚ್ಚರವಾಗಿರಬೇಕು. ಅಲ್ಲಿ ‘ಝೀ’ ಎಂಬ ಗೌರವದ ರೂಪ ಇನ್ನೂ ಗಟ್ಟಿಯಾಗಿದೆ, ‘ದು’ ಎನ್ನೋಣವೆಂದು ಹೇಳುವ ಹಕ್ಕು ಹಿರಿಯರದು.

ಪ್ರಶ್ನೆ: ಪಾಸ್‌ಪೋರ್ಟಿನಲ್ಲಿ ಉಪನಾಮದ ಜಾಗದಲ್ಲಿ ತಂದೆಯ ಹೆಸರನ್ನು ಬರೆಸಿದ್ದೇನೆ. ಲಂಡನ್ನಿನ ಹೋಟೆಲಿನಲ್ಲಿ ನಾಲ್ಕು ದಿನವೂ ನನ್ನನ್ನು ತೀರಿಕೊಂಡ ತಂದೆಯ ಹೆಸರಿನಿಂದಲೇ ಕರೆದರು. ಬೆಳಿಗ್ಗೆ ಬೆಳಿಗ್ಗೆ ಕಣ್ಣಲ್ಲಿ ನೀರು ಬರುತ್ತಿತ್ತು.
– ಅಡಿಕೆ ವ್ಯಾಪಾರಿ, ಶಿವಮೊಗ್ಗ

ಉತ್ತರ: ನಿಮ್ಮ ಮಾತು ನನ್ನ ಮನಸ್ಸನ್ನೂ ತಟ್ಟಿತು. ಊರಿನ ಹೆಸರು, ತಂದೆಯ ಹೆಸರು ಇವುಗಳ ಮೊದಲಕ್ಷರ ಮುಂದೆ, ನಮ್ಮ ಹೆಸರು ಕೊನೆಗೆ ಎಂಬ ನಮ್ಮ ಕ್ರಮ ಇಂಗ್ಲಿಷರ ಅರ್ಜಿಯ ಚೌಕಗಳಿಗೆ ಹೊಂದುವುದಿಲ್ಲ. ನಮ್ಮಂತೆಯೇ ಇರುವ ಒಂದು ನಾಡು ಐಸ್‌ಲೆಂಡ್. ಅಲ್ಲಿ ಬಹುಪಾಲು ಜನರಿಗೆ ಮನೆತನದ ಹೆಸರಿಲ್ಲ, ಎರಡನೆಯ ಹೆಸರು ಇಂಥವರ ಮಗ, ಇಂಥವರ ಮಗಳು ಎಂದಷ್ಟೇ ಹೇಳುತ್ತದೆ. 1980ರಲ್ಲಿ ಅಲ್ಲಿನ ಅಧ್ಯಕ್ಷೆಯಾಗಿ ಚುನಾಯಿತರಾದ ವಿಗ್ದಿಸ್ ಫಿನ್‌ಬೊಗಾದೊಟ್ಟಿರ್ ಎಂದರೆ ಫಿನ್‌ಬೊಗಿಯ ಮಗಳು ವಿಗ್ದಿಸ್. ದೇಶದ ಅಧ್ಯಕ್ಷೆಯನ್ನೂ ಜನ ವಿಗ್ದಿಸ್ ಎಂದೇ ಕರೆದರು, ದೂರವಾಣಿ ಪುಸ್ತಕದಲ್ಲೂ ಸ್ವಂತ ಹೆಸರಿನ ಅಕಾರಾದಿಯೇ ನಡೆಯುತ್ತಿತ್ತು. ಲಂಡನ್ನಿನಲ್ಲಿ ಮಾತ್ರ ನಾವೇ ಬಾಯಿಬಿಟ್ಟು ಹೇಳಬೇಕು. ‘ಅದು ನನ್ನ ತಂದೆಯ ಹೆಸರು, ನನ್ನನ್ನು ಹೀಗೆ ಕರೆಯಿರಿ’ ಎಂದರೆ ಅವರು ಸಂತೋಷದಿಂದ ಬದಲಿಸಿಕೊಳ್ಳುತ್ತಾರೆ. ಈ ಕಷ್ಟಕ್ಕೆ ಅಂಜಿ ಉಪನಾಮದ ಜಾಗವನ್ನು ಖಾಲಿ ಬಿಡುವವರಿದ್ದಾರೆ, ಹಾಗೆ ಮಾಡಬೇಡಿ. ಒಂದೇ ಹೆಸರಿರುವ ಪಾಸ್‌ಪೋರ್ಟಿಗೆ ಪ್ರವಾಸಿ ವೀಸಾದ ಮೇಲೆ ಪ್ರವೇಶವಿಲ್ಲವೆಂದು ಸಂಯುಕ್ತ ಅರಬ್ ಸಂಸ್ಥಾನ 2022ರ ನವೆಂಬರಿನಲ್ಲಿ ನಿಯಮ ಮಾಡಿದೆ.

ಪ್ರಶ್ನೆ: ಅಮೆರಿಕದ ಹೋಟೆಲುಗಳಲ್ಲಿ ಬಿಲ್ಲಿನ ಮೇಲೆ ಮತ್ತೆ ಹಣ ಇಡಲೇಬೇಕೇ?
– ಓದುಗ, ಸೊರಬ

ಉತ್ತರ: ಬಡಿಸುವವರಿರುವ ಹೋಟೆಲಿನಲ್ಲಿ ಶೇಕಡ 15ರಿಂದ 20ರಷ್ಟು ಇಡಬೇಕು. ಹೀಗೆ ಭಕ್ಷೀಸು ಪಡೆಯುವ ಕೆಲಸಗಾರರಿಗೆ ಮಾಲೀಕರು ಕೊಡಬೇಕಾದ ಕನಿಷ್ಠ ಕೂಲಿ ಕೇಂದ್ರ ಕಾನೂನಿನಂತೆ 1991ರಿಂದ ಗಂಟೆಗೆ 2.13 ಡಾಲರಿನಲ್ಲೇ ನಿಂತಿದೆ; ಬಹುಪಾಲು ರಾಜ್ಯಗಳು ಮಾತ್ರ ತಮ್ಮ ಕಾನೂನಿನಿಂದ ಅದನ್ನು ಹೆಚ್ಚಿಸಿಕೊಂಡಿವೆ. ನೀವು ಇಡುವ ಹಣವೇ ಅವರ ಸಂಬಳ. ಜಪಾನಿನಲ್ಲಿ ಇಡಬೇಡಿ, ಮರೆತು ಬಿಟ್ಟಿರೆಂದು ಹಿಂದೆ ಓಡಿ ಬಂದು ಕೊಡುತ್ತಾರೆ.

ಪ್ರಶ್ನೆ: ಇಂಗ್ಲೆಂಡಿನಲ್ಲಿ ಎರಡು ತಿಂಗಳಿದ್ದೆ. ಬಸ್ಸಿನಲ್ಲಿ, ಉದ್ಯಾನದಲ್ಲಿ ಮಾತಿಗೆ ಸಿಕ್ಕವರೆಲ್ಲ ಮಳೆಯ ವಿಚಾರ ಬಿಟ್ಟರೆ ಬೇರೇನೂ ಆಡಲಿಲ್ಲ. ಒಬ್ಬರಿಗೆ ಎಷ್ಟು ಮಕ್ಕಳೆಂದು ಕೇಳಿದ್ದಕ್ಕೆ ಮುಖ ತಿರುಗಿಸಿದರು.
– ಕೃಷಿಕ, ಆಗುಂಬೆ

ಉತ್ತರ: ಲಂಡನ್ನಿನಲ್ಲಿ ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ ಬಿದ್ದರೆ ನಿಮ್ಮ ಆಗುಂಬೆಯಲ್ಲಿ 7000 ಮಿಲಿಮೀಟರಿಗೂ ಮೀರಿ ಬೀಳುತ್ತದೆ, ಮಳೆಯ ಮಾತಿನಲ್ಲಿ ನಿಮ್ಮನ್ನು ಮೀರಿಸುವವರು ಅಲ್ಲಿ ಸಿಗಲಾರರು. ನಮ್ಮಲ್ಲಿ ಹೊಸಬರು ಎದುರಾದರೆ ‘ಯಾವೂರು, ಯಾರ ಮನೆ’ ಎಂದು ಕೇಳಿ, ಮದುವೆ, ಮಕ್ಕಳು, ಸಂಬಳದವರೆಗೆ ಹೋಗುತ್ತೇವೆ, ಕೇಳದಿದ್ದರೆ ಅಸಡ್ಡೆಯೆನಿಸುತ್ತದೆ. ಅವರಿಗೆ ಮಳೆಯ ಮಾತು ಮನೆಯ ಜಗಲಿಯಿದ್ದಂತೆ. ಅಪರಿಚಿತರು ಅಲ್ಲಿ ಕುಳಿತು ಹತ್ತು ನಿಮಿಷ ಹಾಯಾಗಿ ಮಾತನಾಡಬಹುದು, ನಡುಮನೆಗೆ ಬರುವುದು ಆಮೇಲಿನ ಮಾತು. ಮಕ್ಕಳಾಗದೆ ನೊಂದವರು, ಮಗುವನ್ನು ಕಳೆದುಕೊಂಡವರು ಎಲ್ಲ ಊರುಗಳಲ್ಲೂ ಇರುತ್ತಾರಲ್ಲವೇ? ನಮ್ಮ ಮದುವೆ ಮನೆಗಳಲ್ಲಿ ಇದೇ ಪ್ರಶ್ನೆಗೆ ಎಷ್ಟೋ ಹೆಣ್ಣುಮಕ್ಕಳು ನಗುತ್ತ ಉತ್ತರಿಸಿ, ಹಿತ್ತಿಲಿಗೆ ಹೋಗಿ ಅಳುವುದನ್ನು ನಾನು ಕಂಡಿದ್ದೇನೆ. ಜಗಲಿಯಲ್ಲೇ ಕೂರುವ ಅವರ ಅಭ್ಯಾಸವನ್ನು ಈ ಒಂದು ವಿಷಯದಲ್ಲಿ ನಾವೂ ಕಲಿಯಬೇಕೆಂದು ನನ್ನ ಅಭಿಪ್ರಾಯ.

ಪ್ರಶ್ನೆ: ರಜೆಗೆ ಬಂದಿರುವ ಇಂಗ್ಲೆಂಡಿನ ಮೊಮ್ಮಗ ಪ್ರತಿ ದೋಸೆಗೂ ನನಗೆ ‘ಥ್ಯಾಂಕ್ಯೂ ಅಜ್ಜಿ’ ಎನ್ನುತ್ತಾನೆ. ನಾನೇನು ಹೊರಗಿನವಳೇ ಎಂದು ಬೇಸರವಾಗುತ್ತದೆ. ಹೇಳಲೂ ಆಗದು, ಬಿಡಲೂ ಆಗದು.
– ಅಜ್ಜಿ, ಕೊಪ್ಪ

ಉತ್ತರ: ನಮ್ಮ ಮನೆಗಳಲ್ಲಿ ತಾಯಿಗೆ, ಅಜ್ಜಿಗೆ ಧನ್ಯವಾದ ಹೇಳುವ ರೂಢಿಯಿಲ್ಲ. ‘ಉಪಕಾರವಾಯಿತು’ ಎನ್ನುವುದು ಹೊರಗಿನವರಿಗೆ; ಒಳಗಿನವರಿಗೆ ಹೇಳಿದರೆ ಲೆಕ್ಕ ಚುಕ್ತಾ ಮಾಡಿದಂತೆ ಕೇಳಿಸುತ್ತದೆ. ನಿಮ್ಮ ಮೊಮ್ಮಗ ಬೆಳೆಯುತ್ತಿರುವ ಊರಿನಲ್ಲಿ ಬಸ್ಸಿನಿಂದ ಇಳಿಯುವವರು ಚಾಲಕನಿಗೂ ಥ್ಯಾಂಕ್ಯೂ ಹೇಳುತ್ತಾರೆ. ಆ ಮಾತನ್ನು ಮರೆತ ಮಗುವನ್ನು ಶಾಲೆಯಲ್ಲೂ ಮನೆಯಲ್ಲೂ ತಿದ್ದುತ್ತಾರೆ, ಅಪ್ಪ ಅಮ್ಮನಿಗೂ ಅವನು ದಿನಕ್ಕೆ ಹತ್ತು ಸಲ ಹೇಳುತ್ತಾನೆ. ನಿಮಗೆ ಹೇಳದೆ ಬಿಟ್ಟಿದ್ದರೆ ಅವನ ಲೆಕ್ಕದಲ್ಲಿ ನಿಮ್ಮನ್ನು ಕಡೆಗಣಿಸಿದಂತಾಗುತ್ತಿತ್ತು. ಅದನ್ನು ತಡೆಯಬೇಡಿ. ನಮ್ಮಲ್ಲಿ ಅದೇ ಸಂತೋಷವನ್ನು ‘ಅಜ್ಜಿ, ಇನ್ನೊಂದು ಹಾಕು’ ಎಂದು ಹೇಳುತ್ತಾರೆಂದು ಅವನಿಗೆ ತಿಳಿಸಿ, ಮಕ್ಕಳು ಇಂಥದ್ದನ್ನು ಬಹುಬೇಗ ಹಿಡಿಯುತ್ತಾರೆ. ಹೊರಡುವ ದಿನ ‘ಬೈ’ ಎಂದು ಅವನು ಕೈ ಬೀಸುವ ಮೊದಲೇ ಇನ್ನೊಂದನ್ನೂ ಕಲಿಸಿಬಿಡಿ. ಮನೆಯಿಂದ ಹೊರಡುವವರು ‘ಹೋಗುತ್ತೇನೆ’ ಎನ್ನುವುದಿಲ್ಲ, ‘ಹೋಗಿ ಬರುತ್ತೇನೆ’ ಎನ್ನುತ್ತಾರೆ. ಬಾಗಿಲಲ್ಲಿ ನಿಂತವರು ‘ಹೋಗಿ ಬಾ’ ಎನ್ನುತ್ತಾರೆ.